ಮಾಕ್ ಡ್ರಾಫ್ಟ್ ಬರೆಯೋದು ಹೇಗೆ: ನಿಮ್ಮ ಆಸೆ ಬೇರೆ, ಅವರ ಪಿಕ್ ಬೇರೆ

2024ರ ಏಪ್ರಿಲ್ 25, ಗುರುವಾರ ರಾತ್ರಿ. ಡೆಟ್ರಾಯಿಟ್‌ನಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್ ನಡೆಯುತ್ತಿತ್ತು, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿ ಪ್ರಕಾರ ಆರಿಸ್ಕೊಳ್ಳೋದು. ಒಂದೊಂದು ಆಯ್ಕೆಗೂ ಪಿಕ್ ಅಂತಾರೆ. ನಾನು ಶಿಕಾಗೋ ಹತ್ತಿರದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು, ಯಾರು ಯಾವ ತಂಡಕ್ಕೆ ಹೋಗುತ್ತಾರೆ ಅಂತ ವಾರಗಟ್ಟಲೆ ಕೂತು ಊಹಿಸಿ ಮಾಡಿದ್ದ ಎಕ್ಸೆಲ್ ಶೀಟಿನಲ್ಲಿ ಸರಿ ಬಂದ ಹೆಸರಿಗೆ ಹಸಿರು, ತಪ್ಪಿದ್ದಕ್ಕೆ ಕೆಂಪು ಬಳಿಯುತ್ತಿದ್ದೆ. ಕೇಲೆಬ್ ವಿಲಿಯಮ್ಸ್ ಶಿಕಾಗೋ ಬೇರ್ಸ್‌ಗೆ, ಹಸಿರು. ಜೇಡನ್ ಡೇನಿಯಲ್ಸ್ ವಾಷಿಂಗ್ಟನ್‌ಗೆ, ಹಸಿರು. ಡ್ರೇಕ್ ಮೇ ನ್ಯೂ ಇಂಗ್ಲೆಂಡ್‌ಗೆ, ಅದೂ ಹಸಿರು. ನಾನೇನೋ ದೊಡ್ಡ ಜ್ಯೋತಿಷಿ ಅನ್ನಿಸಿಬಿಟ್ಟಿತ್ತು. ಆಮೇಲೆ ಎಂಟನೇ ಪಿಕ್ ಬಂತು. ಅಟ್ಲಾಂಟಾ ಫಾಲ್ಕನ್ಸ್‌ಗೆ ನಾನು ಬರೆದಿದ್ದು ಡಲ್ಲಾಸ್ ಟರ್ನರ್, ಚೆಂಡು ಎಸೆದು ಆಟ ನಡೆಸೋ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋ ಎಡ್ಜ್ ಆಟಗಾರ. ಅವರು ತಗೊಂಡಿದ್ದು ಮೈಕಲ್ ಪೆನಿಕ್ಸ್‌ನನ್ನು. ಕ್ವಾರ್ಟರ್‌ಬ್ಯಾಕ್! ಮಾರ್ಚ್‌ನಲ್ಲಷ್ಟೇ ಕರ್ಕ್ ಕಸಿನ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್ ಜೊತೆ 4 ವರ್ಷಕ್ಕೆ 18 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿದ್ದ ತಂಡ ಅದು.

ಅಲ್ಲಿಂದ ನನ್ನ ಶೀಟು ಕೆಂಪೋ ಕೆಂಪು. ಟರ್ನರ್ 17ನೇ ಪಿಕ್ ತನಕ ಕಾದು ಮಿನ್ನೆಸೋಟಾಗೆ ಹೋದ. ಮೊದಲ 12 ಪಿಕ್‌ನಲ್ಲಿ 6 ಕ್ವಾರ್ಟರ್‌ಬ್ಯಾಕ್‌ಗಳು ಖಾಲಿ. ಮೊದಲ 14 ಪಿಕ್‌ನಲ್ಲಿ ಡಿಫೆನ್ಸ್ ಆಟಗಾರ ಒಬ್ಬನೂ ಇಲ್ಲ, ನಾನು ಮೂವರನ್ನು ಹಾಕಿದ್ದೆ. ಮಾಕ್ ಡ್ರಾಫ್ಟ್‌ನಲ್ಲಿ ಒಂದು ತಪ್ಪು ಒಂದಕ್ಕೇ ನಿಲ್ಲೋದಿಲ್ಲ, ಹಿಂದೆ ಹತ್ತನ್ನು ಎಳ್ಕೊಂಡು ಬರುತ್ತದೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಮಾಕ್ ಡ್ರಾಫ್ಟ್ ಅಂದರೆ ಯಾರು ಯಾವ ತಂಡಕ್ಕೆ ಹೋದರೆ ಚೆಂದ ಅನ್ನೋ ಪಟ್ಟಿ ಅಲ್ಲ. ಆ ತಂಡದವರು ಏನು ಮಾಡುತ್ತಾರೆ ಅನ್ನೋ ಊಹೆ. ಈ ಎರಡನ್ನು ಬೆರೆಸಿದರೆ ಕೆಟ್ಟಿರಿ.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಒಂದು ಮಾತು. ಇಲ್ಲಿ ಬಿಡ್ ಇಲ್ಲ, ಸರದಿ ಮಾತ್ರ. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣವಾದ ತಂಡಕ್ಕೆ ಮೊದಲ ಪಿಕ್, ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದವರಿಗೆ 32ನೆಯದು. ಎಷ್ಟನೇ ಪಿಕ್ ಅನ್ನೋದರ ಮೇಲೆ ಸಂಬಳವೂ ಹೆಚ್ಚುಕಡಿಮೆ ನಿಗದಿ ಆಗಿಬಿಡುತ್ತದೆ. 7 ರೌಂಡ್, 3 ದಿನ, 2025ರಲ್ಲಿ ಒಟ್ಟು 257 ಪಿಕ್. ನೀವು ಮೊದಲ ರೌಂಡ್ ಅಷ್ಟೇ ಬರೆಯಿರಿ. ಏಳೂ ರೌಂಡ್ ಬರೆಯೋರು ಇದ್ದಾರೆ, ಅವರ ತಾಳ್ಮೆಗೆ ಕೈಮುಗಿಯಬೇಕು.

ಶುರು ಮಾಡೋದು ಸರದಿಯಿಂದ. ಪ್ಲೇಆಫ್ ಮುಟ್ಟದ 18 ತಂಡಗಳು ಮೊದಲು, ಹೆಚ್ಚು ಸೋತವರು ಮುಂದೆ. ಗೆಲುವು ಸೋಲು ಸಮ ಆದರೆ, ಸುಲಭದ ಎದುರಾಳಿಗಳ ಜೊತೆ ಆಡಿದ ತಂಡಕ್ಕೆ ಮೊದಲ ಸರದಿ. ಆದರೆ ಅಂಕಪಟ್ಟಿ ನೋಡಿ ನೀವೇ ಸರದಿ ಬರ್ಕೋಬೇಡಿ, ಪಿಕ್‌ಗಳು ಕೈ ಬದಲಾಯಿಸಿರುತ್ತವೆ. 2024ರಲ್ಲಿ ನಮ್ಮ ಬೇರ್ಸ್‌ಗೆ ಸಿಕ್ಕ ಮೊದಲ ಪಿಕ್ ನಿಜವಾಗಿ ಕ್ಯಾರೊಲೈನಾ ಪ್ಯಾಂಥರ್ಸ್‌ದು, ಹಿಂದಿನ ವರ್ಷದ ಟ್ರೇಡ್‌ನಲ್ಲಿ ಬಂದಿದ್ದು. 2023ರಲ್ಲಂತೂ ಮೊದಲ ರೌಂಡ್‌ನಲ್ಲಿ ಇದ್ದಿದ್ದೇ 31 ಪಿಕ್, ಮಯಾಮಿಯ ಪಿಕ್ ಅನ್ನು ಲೀಗ್ ಶಿಕ್ಷೆಯಾಗಿ ಕಿತ್ಕೊಂಡಿತ್ತು.

ಆಮೇಲೆ ಪ್ರತಿ ತಂಡದ ಮುಂದೆ ಅದಕ್ಕೆ ಬೇಕಾದ ಮೂರು ಜಾಗ ಬರೆಯಿರಿ. ಮೂರೇ ಸಾಕು. ಇದನ್ನು ಮಾರ್ಚ್ ಮಧ್ಯಕ್ಕಿಂತ ಮುಂಚೆ ಮಾಡಿದರೆ ಸುಮ್ನೆ ದಂಡ, ಯಾಕಂದರೆ ಒಪ್ಪಂದ ಮುಗಿದ ಆಟಗಾರರು ಬೇರೆ ತಂಡ ಸೇರೋ ಫ್ರೀ ಏಜೆನ್ಸಿಯಲ್ಲಿ ಅರ್ಧ ಜಾಗ ತುಂಬಿಹೋಗುತ್ತದೆ. ಇಲ್ಲೇ ಎಲ್ಲರೂ ಎಡವೋದು, ನಾನು ಎಡವಿದ್ದೂ ಇಲ್ಲೇ. ಈ ವರ್ಷ ಯಾವ ಜಾಗ ಖಾಲಿ ಅಂತ ನಾವು ನೋಡುತ್ತೇವೆ, ತಂಡದವರು ಮುಂದಿನ ವರ್ಷ, ಅದರ ಮುಂದಿನ ವರ್ಷ ನೋಡುತ್ತಾರೆ. ಕಸಿನ್ಸ್‌ಗೆ ಆಗ 35 ವಯಸ್ಸು, ಆರು ತಿಂಗಳ ಹಿಂದೆ ಹಿಮ್ಮಡಿ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿದುಕೊಂಡಿದ್ದ. ಇಷ್ಟೂ ನನಗೆ ಗೊತ್ತಿತ್ತು, ಆದರೂ ಫಾಲ್ಕನ್ಸ್ ಮುಂದೆ ‘ಕ್ವಾರ್ಟರ್‌ಬ್ಯಾಕ್: ಬೇಡ’ ಅಂತ ಬರೆದು ಮುಂದೆ ಹೋಗಿದ್ದೆ. ಈಗ ಪ್ರತಿ ತಂಡಕ್ಕೂ ಎರಡು ಪ್ರಶ್ನೆ ಹಾಕ್ಕೋತೀನಿ: ಯಾರ ಒಪ್ಪಂದ ಇನ್ನೊಂದು ವರ್ಷದಲ್ಲಿ ಮುಗಿಯುತ್ತದೆ, ಯಾರಿಗೆ 30 ದಾಟಿದೆ? ಉತ್ತರ ಸಿಕ್ಕ ಜಾಗವೂ ಪಟ್ಟಿಗೆ ಸೇರುತ್ತದೆ.

ಇನ್ನು ಆಟಗಾರರು. ಸುಮಾರು 45 ಹೆಸರು ಇಟ್ಟುಕೊಳ್ಳಿ. ಒಂದರಿಂದ ನಲವತ್ತೈದು ಅಂತ ನಂಬರ್ ಹಾಕೋದಕ್ಕಿಂತ ಗುಂಪು ಮಾಡೋದು ಒಳ್ಳೆಯದು: ಮೊದಲ ಹತ್ತರಲ್ಲಿ ಹೋಗೇ ಹೋಗೋರು, ಇಪ್ಪತ್ತರ ಒಳಗಿನವರು, ಮೊದಲ ರೌಂಡ್‌ಗೆ ಬಂದರೂ ಬರಬಹುದು ಅನ್ನೋರು. ಹೆಸರಿನ ಪಕ್ಕ ಅವನು ಯಾವ ಜಾಗದಲ್ಲಿ ಆಡುತ್ತಾನೆ ಅನ್ನೋದು ದಪ್ಪಕ್ಷರದಲ್ಲಿ ಇರಲಿ, ಯಾಕಂದರೆ ಲೀಗ್ ದುಡ್ಡು ಕೊಡೋದು ಆ ಜಾಗ ನೋಡಿ. ಕ್ವಾರ್ಟರ್‌ಬ್ಯಾಕ್, ಅವನನ್ನು ಕಾಯೋ ಟ್ಯಾಕಲ್, ಅವನ ಮೇಲೆ ಬೀಳೋ ಎಡ್ಜ್, ಚೆಂಡು ಹಿಡಿಯೋ ರಿಸೀವರ್, ರಿಸೀವರ್‌ನನ್ನು ಕಾಡೋ ಕಾರ್ನರ್‌ಬ್ಯಾಕ್. ಮೇಲಿನ ಪಿಕ್‌ಗಳು ಜಾಸ್ತಿ ಇವರಿಗೇ. ಚೆಂಡು ಹಿಡ್ಕೊಂಡು ಓಡೋ ರನ್ನಿಂಗ್ ಬ್ಯಾಕ್ ಎಷ್ಟೇ ಚೆನ್ನಾಗಿದ್ದರೂ ಕಾಯಬೇಕಾಗುತ್ತದೆ, 2024ರ ಮೊದಲ ರೌಂಡ್‌ನಲ್ಲಿ ಒಬ್ಬನೂ ಹೋಗಲಿಲ್ಲ. ಹಾಗಂತ ಕಣ್ಣು ಮುಚ್ಚಿ ನಂಬಬೇಡಿ, 2025ರಲ್ಲಿ ಆಷ್ಟನ್ ಜೆಂಟಿ ಅನ್ನೋ ರನ್ನಿಂಗ್ ಬ್ಯಾಕ್ ಆರನೇ ಪಿಕ್‌ಗೇ ರೈಡರ್ಸ್‌ಗೆ ಹೋದ.

ಡ್ರಾಫ್ಟ್‌ಗೆ ಮುಂಚೆ ಆಟಗಾರರ ಓಟ, ಜಿಗಿತ ಅಳೆಯೋ ಕಂಬೈನ್ ಅನ್ನೋ ಶಿಬಿರದ ಓಟದ ಸಮಯ ನೋಡಿ ಮೈಮರೆಯೋದು ಬೇಡ. ಇಂಡಿಯಾನಾಪೊಲಿಸ್‌ನಲ್ಲಿ 2024ರಲ್ಲಿ ಝೇವಿಯರ್ ವರ್ತಿ 40 ಗಜವನ್ನು 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ. ನಾನು ಅವನನ್ನು ಇಪ್ಪತ್ತರ ಒಳಗೆ ಏರಿಸಿಬಿಟ್ಟೆ, ಹೋಗಿದ್ದು 28ಕ್ಕೆ.

ಏಪ್ರಿಲ್ ಬಂದರೆ ಗಾಳಿಸುದ್ದಿಯ ಸುಗ್ಗಿ. ಒಬ್ಬ ಬರೆಯುತ್ತಾನೆ, ‘ಈ ತಂಡಕ್ಕೆ ಆ ಹುಡುಗನ ಮೇಲೆ ಕಣ್ಣಿದೆ.’ ಯಾರು ಹೇಳಿದ್ದು? ಹೆಸರಿಲ್ಲದ ಯಾರೋ. ಸ್ವಲ್ಪ ಯೋಚಿಸಿ, ನಿಮಗೆ ನಿಜವಾಗಿ ಒಬ್ಬ ಆಟಗಾರ ಬೇಕಿದ್ದರೆ ಊರಿಗೆಲ್ಲ ಸಾರುತ್ತೀರಾ? ಅರ್ಧಕ್ಕರ್ಧ ರೈಲು ಬಿಡೋದು, ಇನ್ನೊಂದು ತಂಡ ಹೆದರಿ ಮುಂದೆ ಬಂದು ಟ್ರೇಡ್ ಮಾಡಲಿ ಅಂತ. 2023ರಲ್ಲಿ ವಿಲ್ ಲೆವಿಸ್ ಅನ್ನೋ ಕ್ವಾರ್ಟರ್‌ಬ್ಯಾಕ್ ಮೊದಲ ರಾತ್ರಿಯೆಲ್ಲ ಕ್ಯಾಮೆರಾ ಮುಂದೆ ಕೂತಿದ್ದು, ಅವನ ಹೆಸರು ಬಂದಿದ್ದು ಮರುದಿನ 33ನೇ ಪಿಕ್‌ನಲ್ಲಿ. 2025ರಲ್ಲಿ ಶೆಡೂರ್ ಸ್ಯಾಂಡರ್ಸ್ ಮೊದಲ ರೌಂಡ್ ಅಂತ ಎಷ್ಟೋ ಜನ ಬರೆದಿದ್ದರು, ಅವನು ಐದನೇ ರೌಂಡ್‌ಗೆ ಜಾರಿ 144ನೆಯವನಾದ. ನಾನು ಸುದ್ದಿಗಿಂತ ಓಡಾಟ ನಂಬುತ್ತೇನೆ. ಡ್ರಾಫ್ಟ್‌ಗೆ ಮುಂಚೆ ಪ್ರತಿ ತಂಡ 30 ಆಟಗಾರರನ್ನು ತನ್ನ ಜಾಗಕ್ಕೆ ಕರೆಸಿ ಮಾತಾಡಿಸಬಹುದು. ಯಾರನ್ನು ಕರೆಸಿದರು, ಆಟಗಾರ ತನ್ನ ಕಾಲೇಜಿನಲ್ಲೇ ಆಡಿ ತೋರಿಸೋ ಪ್ರೋ ಡೇಗೆ ಕೋಚ್ ಖುದ್ದಾಗಿ ಹೋದರಾ, ಇದು ಬಾಯಿಮಾತಿಗಿಂತ ಗಟ್ಟಿ ಸುಳಿವು. ಅದರಲ್ಲೂ ನಾಟಕ ಇರಬಹುದು, ಆದರೆ ಕಡಿಮೆ.

ಮಾಕ್‌ನಲ್ಲಿ ಟ್ರೇಡ್, ಅಂದರೆ ತಂಡಗಳ ನಡುವೆ ಪಿಕ್ ಅದಲುಬದಲು, ಹಾಕಬೇಕಾ ಬೇಡ್ವಾ ಅಂತ ದೊಡ್ಡ ಜಗಳವೇ ಇದೆ. ನನ್ನ ಪ್ರಕಾರ ಎರಡೋ ಮೂರೋ ಹಾಕಿ, ಆದರೆ ಲೆಕ್ಕ ಕೂಡಬೇಕು. ಯಾವ ಪಿಕ್‌ಗೆ ಎಷ್ಟು ಬೆಲೆ ಅಂತ ಹೇಳೋ, ಜಿಮ್ಮಿ ಜಾನ್ಸನ್ ಹೆಸರಿನ ಹಳೆಯ ಪಟ್ಟಿಯೊಂದಿದೆ, ಅವರು ಡಲ್ಲಾಸ್ ಕೌಬಾಯ್ಸ್ ಕೋಚ್ ಆಗಿದ್ದ ಕಾಲದ್ದು. ಅದರಲ್ಲಿ ಮೊದಲ ಪಿಕ್‌ಗೆ 3000 ಅಂಕ, ಎರಡನೆಯದಕ್ಕೆ 2600, ಐದನೆಯದಕ್ಕೆ 1700, 32ನೆಯದಕ್ಕೆ 590. 2025ರ ಟ್ರೇಡ್ ಒಂದನ್ನು ಇದರಲ್ಲಿ ತೂಗಿ ನೋಡೋಣ. ಟ್ರ್ಯಾವಿಸ್ ಹಂಟರ್‌ಗಾಗಿ ಜಾಕ್ಸನ್‌ವಿಲ್ ತಂಡ ಐದರಿಂದ ಎರಡಕ್ಕೆ ಹಾರಿತು. ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಿದ್ದು 5, 36 ಮತ್ತು 126ನೇ ಪಿಕ್, ಮೇಲೆ 2026ರ ಮೊದಲ ರೌಂಡ್ ಪಿಕ್. ವಾಪಸ್ ಪಡೆದಿದ್ದು 2ನೆಯದರ ಜೊತೆ ಕೆಳಗಿನ ಎರಡು ಪಿಕ್. 1700ಕ್ಕೆ 36ನೆಯದರ 540 ಸೇರಿಸಿ, 126ನೆಯದರ ಚಿಲ್ಲರೆ ಸೇರಿಸಿ, 2300 ಹತ್ತಿರ ಆಯಿತು. 2600 ಮುಟ್ಟೋಕೆ ಇನ್ನೂ 300 ಚಿಲ್ಲರೆ ಬೇಕು, ಅದಕ್ಕೆ ಕೊಟ್ಟಿದ್ದು ಮುಂದಿನ ವರ್ಷದ ಇಡೀ ಮೊದಲ ರೌಂಡ್ ಪಿಕ್! ಅಂದರೆ ಮೇಲೆ ಹೋಗೋರು ಯಾವಾಗಲೂ ಪಟ್ಟಿಯ ದರಕ್ಕಿಂತ ಜಾಸ್ತಿ ತೆರೋಕೆ ರೆಡಿ ಇರಬೇಕು. ನಿಮ್ಮ ಮಾಕ್‌ನಲ್ಲಿ ಯಾರೋ ಒಂದು ಮೂರನೇ ರೌಂಡ್ ಪಿಕ್ ಕೊಟ್ಟು ಎರಡಕ್ಕೆ ಹಾರಿದರೆ ಓದುವವರು ನಗುತ್ತಾರೆ.

ಈಗ ಕೂತು ಬರೆಯಿರಿ, ಒಂದರಿಂದ 32ರ ತನಕ, ಒಂದೇ ಸಲಕ್ಕೆ. ಮುಗಿದ ಮೇಲೆ ತಲೆಕೆಳಗಾಗಿ ಒಮ್ಮೆ ನೋಡಿ, ತಂಡದ ಕಡೆಯಿಂದ ಅಲ್ಲ, ಆಟಗಾರನ ಕಡೆಯಿಂದ. ಮೊದಲ ಗುಂಪಿನವನೊಬ್ಬ 19ರಲ್ಲಿ ಬಿದ್ದಿದ್ದರೆ, ನಡುವೆ ಅವನನ್ನು ಬಿಟ್ಟ ಅಷ್ಟೂ ತಂಡಗಳಿಗೆ ಒಂದೊಂದು ಕಾರಣ ಹೇಳಿ. ಹೇಳೋಕೆ ಬರಲಿಲ್ಲ ಅಂದರೆ ಅಳಿಸಿ, ಮತ್ತೆ ಬರೆಯಿರಿ. ನಾನು ಮೂರ್ನಾಲ್ಕು ಸಲ ಅಳಿಸುತ್ತೇನೆ.

ನಿಮ್ಮ ಸ್ವಂತ ತಂಡದ ಪಿಕ್ ಮಾತ್ರ ನೀವು ಬರೆಯಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು. ಬೇರ್ಸ್ ಸರದಿ ಬಂದಾಗಲೆಲ್ಲ ಎಲ್ಲರೂ ಮರೆತ ದೊಡ್ಡ ಆಟಗಾರನೊಬ್ಬ ನನ್ನ ಶೀಟಿನಲ್ಲಿ ಹೇಗೋ ಉಳಿದುಬಿಟ್ಟಿರುತ್ತಿದ್ದ. ಈಗ ಆ ಪಿಕ್ ಬರೆಯೋದು ಗ್ರೀನ್ ಬೇ ಪ್ಯಾಕರ್ಸ್ ಕಡೆಯ ಗೆಳೆಯ. ಅವನಿಗೆ ನಮ್ಮ ತಂಡ ಕಂಡರೆ ಆಗೋದಿಲ್ಲ, ಅದಕ್ಕೇ ಅವನ ಊಹೆ ನನ್ನದಕ್ಕಿಂತ ಚೆನ್ನಾಗಿ ಕೂರುತ್ತದೆ.

ಅಂಕ ಕೊಡೋಕೆ ನಮ್ಮ ಗುಂಪಿನ ನಿಯಮ ಸರಳ. ನೀವು ಬರೆದವನು ಮೊದಲ ರೌಂಡ್‌ನಲ್ಲಿ ಹೋದರೆ 1, ತಂಡವೂ ಸರಿ ಇದ್ದರೆ ಇನ್ನೂ 2. ನನ್ನ ಅತಿ ಒಳ್ಳೆಯ ವರ್ಷದಲ್ಲಿ ಸರಿಯಾದ ತಂಡ ಬಂದಿದ್ದು 7 ಸಲ. ನಗಬೇಡಿ, ಆ ವರ್ಷ ಗೆದ್ದಿದ್ದು ನಾನೇ. ಸೋತವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು.

ಗುರುವಾರ ಶಿಕಾಗೋ ಸಮಯ ಸಂಜೆ 7ಕ್ಕೆ ಡ್ರಾಫ್ಟ್ ಶುರು, ಬೆಂಗಳೂರಲ್ಲಿ ಆಗ ಶುಕ್ರವಾರ ಬೆಳಗ್ಗೆ 5:30. ಶೀಟು ಶಿಕಾಗೋ ಸಮಯ ಸಂಜೆ 6:45ಕ್ಕೆ ಲಾಕ್. ಆಮೇಲೆ ಫೋನ್ ಮಾಡಿ ‘ಒಂದೇ ಒಂದು ಹೆಸರು ಬದಲಾಯಿಸ್ತೀನಿ ಮಾರಾಯಾ’ ಅಂದರೆ ನಮ್ಮಲ್ಲಿ ಯಾರೂ ಒಪ್ಪೋದಿಲ್ಲ.