ಮ್ಯಾನೇಜರ್ ರಾಜೀನಾಮೆಯನ್ನು ಧಣಿ ಯಾಕೆ ಒಪ್ಪುವುದಿಲ್ಲ: ಮುಂಬಯಿ ಹೋಟೆಲ್ ಲೈನಿನಲ್ಲಿ ನನ್ನ ಅನುಭವ

ನಮ್ಮ ಲೈನಿನಲ್ಲಿ ಮ್ಯಾನೇಜರ್ ಪತ್ರ ಕೊಟ್ಟರೆ ಧಣಿ ಅದನ್ನು ಗಲ್ಲಾದ ಡ್ರಾಯರಿಗೆ ಹಾಕಿ, "ದೀಪಾವಳಿ ಮುಗೀಲಿ ಮಾರಾಯ, ಮತ್ತೆ ಮಾತಾಡುವ" ಅನ್ನುವುದು ರೂಢಿ. ದೀಪಾವಳಿ ಕಳೆದರೆ ಮದುವೆ ಸೀಸನ್, ಅದು ಕಳೆದರೆ ಮೇ ತಿಂಗಳಲ್ಲಿ ಹುಡುಗರು ಊರಿಗೆ ಹೊರಡುವ ಹೊತ್ತು. ಮ್ಯಾನೇಜರ್ ಜೊತೆ ಏನೇನು ಹೋಗುತ್ತದೆ ಎಂಬುದು ಧಣಿಗೆ ಪೂರ್ತಿ ಗೊತ್ತಿರುವುದಿಲ್ಲ, ಹೆದರಿಕೆ ಅದರದ್ದೇ. ಅದನ್ನೆಲ್ಲ ಬರೆದಿಟ್ಟು ಒಂದೊಂದಾಗಿ ಧಣಿಯ ಕೈಗೆ ತಂದರೆ ಪತ್ರಕ್ಕೆ ಸಹಿ ಬೀಳುತ್ತದೆ. ಅದನ್ನು ನಾನು ಮಾಡಿಸಿಕೊಡುತ್ತೇನೆ. "ಹೀಗೆ ಮಾಡಿದರೆ ಅವನು ನಾಳೆಯೇ ಹೋಗುತ್ತಾನೆ" ಎಂದು ಮೊದಮೊದಲು ಧಣಿಯ ಪಾಲುದಾರರು ಎದುರು ನಿಂತಿದ್ದರು. ಈಗ ಅವರೇ ಬೇರೆ ಹೋಟೆಲಿನವರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಬೇರೆ ದಾರಿಗಳೆಲ್ಲ ಕೈಕೊಟ್ಟವು. ಸಂಬಳಕ್ಕೆ ಐದಾರು ಸಾವಿರ ಸೇರಿಸಿದರೆ ಮೂರ್ನಾಲ್ಕು ತಿಂಗಳು ನಿಲ್ಲುತ್ತಾನೆ. ಅಷ್ಟರಲ್ಲಿ ಕ್ಯಾಪ್ಟನ್ (ಬಡಿಸುವ ಹುಡುಗರ ಮೇಲಿನವನು), ಅಡುಗೆ ಭಟ್ಟರು ಇಬ್ಬರೂ ಅಷ್ಟೇ ಕೇಳುತ್ತಾರೆ, ತಿಂಗಳ ಖರ್ಚು ಇಪ್ಪತ್ತು ಸಾವಿರದ ಹತ್ತಿರ ಏರುತ್ತದೆ. ಕೊನೆಯ ಸಂಬಳ ತಡೆದರೆ ಅವನೇ ಊರಿಂದ ಕರೆತಂದ ಹುಡುಗರು ಒಂದೇ ವಾರದಲ್ಲಿ ಗಂಟು ಕಟ್ಟುತ್ತಾರೆ. ಪತ್ರವನ್ನೇ ತೆಗೆದುಕೊಳ್ಳದಿದ್ದರೂ ಪ್ರಯೋಜನವಿಲ್ಲ. 1963ರ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟಿನಡಿ ಒಬ್ಬನ ವೈಯಕ್ತಿಕ ಸೇವೆಯನ್ನು ಕೋರ್ಟಿನ ಮೂಲಕ ಬಲವಂತವಾಗಿ ಪಡೆಯಲು ಬರುವುದಿಲ್ಲ. ಹೆಚ್ಚೆಂದರೆ ನೋಟಿಸ್ ಅವಧಿಯ ಹಣ ಕೇಳಬಹುದು. ಪಿಎಫ್‌ನಲ್ಲಿ ಬಿಟ್ಟ ದಿನಾಂಕವನ್ನು ಮಾಲೀಕ ಹಾಕದಿದ್ದರೂ, ಕೊನೆಯ ಕಂತಾಗಿ ಎರಡು ತಿಂಗಳ ಮೇಲೆ ಮ್ಯಾನೇಜರೇ ಹಾಕಿಕೊಳ್ಳಬಹುದು. ಹೋಟೆಲ್ ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿ, ಅವನು ಅದರ ಡೈರೆಕ್ಟರೂ ಆಗಿದ್ದರೆ ಕಂಪನಿ ಕಾಯ್ದೆ 2013ರ 168ನೇ ಸೆಕ್ಷನ್ ನೋಡಿ: ಕಂಪನಿಗೆ ನೋಟಿಸ್ ಮುಟ್ಟಿದ ದಿನ ಅಥವಾ ಅದರಲ್ಲಿ ಬರೆದ ದಿನ, ಯಾವುದು ತಡವೋ ಅಂದಿನಿಂದ ಡೈರೆಕ್ಟರ್ ಹುದ್ದೆಯ ರಾಜೀನಾಮೆ ಜಾರಿ. ಒಪ್ಪಿಗೆಯ ಮಾತೇ ಅಲ್ಲಿಲ್ಲ.

ಗಲ್ಲಾದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬಂದಿದ್ದರೆ ಮಾತ್ರ ಒಪ್ಪಿಗೆ ತಡೆಯುವುದರಲ್ಲಿ ಅರ್ಥವಿದೆ. ಆಗಲೂ ಬಾಯಿಮಾತು ಸಾಲದು. ನೇಮಕ ಪತ್ರದಲ್ಲಿ ಹಾಗೆ ಬರೆದಿರಬೇಕು, ಆರೋಪಪತ್ರ ಕೊಟ್ಟಿರಬೇಕು, ವಿಚಾರಣೆ ನಡೆಯುತ್ತಿರಬೇಕು.

ನಾನು ಮಾಡುವುದು ಹೀಗೆ. ಮೊದಲ ವಾರ ಓಟಿಪಿ ಹಿಡಿಯುತ್ತೇನೆ. ಸ್ವಿಗ್ಗಿ, ಝೊಮ್ಯಾಟೊ, ಗ್ಯಾಸ್ ಏಜೆನ್ಸಿ, ಕರೆಂಟ್ ಬಿಲ್, ಕಾರ್ಡ್ ಮೆಷಿನ್, ಎಲ್ಲಕ್ಕೂ ಸಾಮಾನ್ಯವಾಗಿ ಮ್ಯಾನೇಜರನ ಸ್ವಂತ ನಂಬರೇ ಇರುತ್ತದೆ. ಹೋಟೆಲಿನ ಹೆಸರಲ್ಲಿ ಹೊಸ ಸಿಮ್ ತೆಗೆದು ಎಲ್ಲವನ್ನೂ ಅದಕ್ಕೆ ತಿರುಗಿಸಬೇಕು. ಜಿಎಸ್‌ಟಿಯಲ್ಲಿ ಕ್ರಮ ತಪ್ಪಬಾರದು: ಮೊದಲು ಹೊಸ ಅಧಿಕೃತ ಸಹಿದಾರನನ್ನು ಸೇರಿಸಿ, ಅವನನ್ನು ಪ್ರೈಮರಿ (ಮುಖ್ಯ ಸಹಿದಾರ) ಮಾಡಿ, ಆಮೇಲೆ ಹಳಬನನ್ನು ತೆಗೆಯಿರಿ. ತಿಂಗಳ 20ನೇ ತಾರೀಕಿನ ಆಸುಪಾಸು ಇದಕ್ಕೆ ಕೈಹಾಕಬೇಡಿ, ತಿಂಗಳ ರಿಟರ್ನ್ ಸಿಕ್ಕಿಹಾಕಿಕೊಳ್ಳುತ್ತದೆ. ಫುಡ್ ಲೈಸೆನ್ಸಿನಲ್ಲಿ ಹೊಣೆಗಾರನಾಗಿ ಅವನ ಹೆಸರಿದ್ದರೆ ಅದನ್ನೂ ಇದೇ ವಾರ ಬದಲಿಸಿ.

ಎರಡನೇ ವಾರ ಉಧಾರಿ. ವಾಶಿ ಎಪಿಎಂಸಿ ಸಗಟು ಮಾರುಕಟ್ಟೆಯ ತರಕಾರಿಯವನು, ಹಾಲಿನವನು, ಕಿರಾಣಿಯವನು ಸಾಲ ಕೊಡುವುದು ಮ್ಯಾನೇಜರನ ಮುಖ ನೋಡಿ. ಮಧ್ಯಮ ಹೋಟೆಲಿನಲ್ಲಿ ಇದು ಮೂರ್ನಾಲ್ಕು ಲಕ್ಷದವರೆಗೆ ಇರುತ್ತದೆ. ಪ್ರತಿಯೊಬ್ಬರ ಬಾಕಿ ಬರೆದು ಮೂವರ ಸಹಿ ಹಾಕಿಸುತ್ತೇನೆ: ವ್ಯಾಪಾರಿ, ಮ್ಯಾನೇಜರ್, ಧಣಿ. ಯಾರನ್ನು ಮೊದಲು ಕರೆಯಬೇಕು, ಅವತ್ತು ಎಷ್ಟು ನಗದು ಕೈಗಿಡಬೇಕು ಎಂಬುದು ನನ್ನ ಹತ್ತಿರವೇ ಇರಲಿ; ಕೆಲಸ ನಡೆಯುವುದೇ ಅದರಿಂದ.

ಹುಡುಗರ ಮುಂಗಡ ಎಲ್ಲಕ್ಕಿಂತ ಕಷ್ಟ. ಮದುವೆಗೆ, ಮನೆ ರಿಪೇರಿಗೆ ಎಂದು ಕೊಟ್ಟದ್ದು ಚೀಟಿಗಳಲ್ಲಿರುತ್ತದೆ, ಅರ್ಧ ಬಾಯಲ್ಲೇ. ಒಬ್ಬೊಬ್ಬರನ್ನೇ ಕರೆದು, ಮ್ಯಾನೇಜರ್ ಎದುರಲ್ಲೇ ಮೊತ್ತ ಒಪ್ಪಿಸಿ, ತಿಂಗಳಿಗೆ ಎಷ್ಟು ಮುರಿಯುವುದೆಂದು ಬರೆಯಬೇಕು. ಎರಡು ಸಾವಿರದ ಮೇಲೆ ಮುರಿದರೆ ಹುಡುಗ ನಿಲ್ಲುವುದಿಲ್ಲ.

ನಡುವೆ ಇನ್ನೊಂದನ್ನೂ ಮಾಡಿ ನೋಡಿದೆ. ಮ್ಯಾನೇಜರ್ ದಿನಾ ಬೆಳಗ್ಗೆ ಅಂದಾಜಿನಲ್ಲಿ ಹೇಳುವ ಅಕ್ಕಿ, ಉದ್ದು, ತರಕಾರಿಯ ಆರ್ಡರನ್ನು ಎರಡು ವಾರ ವಾರದ ದಿನಗಳ ಪ್ರಕಾರ ಬರೆಸಿದೆ. ಶನಿವಾರ ಉದ್ದಿನಬೇಳೆ ಸೋಮವಾರಕ್ಕಿಂತ ಸುಮಾರು ಒಂದೂವರೆ ಪಟ್ಟು, ಸಂಕಷ್ಟಿಯ ದಿನ ಸಾಬೂದಾನಿ ಬೇರೆ. ಆ ಹಾಳೆ ಅಡುಗೆಮನೆಯ ಗೋಡೆಗೆ ಹತ್ತಿದ ಮೇಲೆ ಧಣಿಯ ಮುಖದಲ್ಲಿ ಧೈರ್ಯ ಬಂತು.

ಕೊನೆಯ ವಾರ ಹಣ. ಐದು ವರ್ಷ ದಾಟಿದ್ದರೆ ಗ್ರ್ಯಾಚ್ಯುಟಿ: ಲೆಕ್ಕಕ್ಕೆ ಬರುವ ತಿಂಗಳ ವೇತನ 26,000, ಸೇವೆ 9 ವರ್ಷ ಎಂದರೆ 26ರಿಂದ ಭಾಗಿಸಿ, 15ರಿಂದ, 9ರಿಂದ ಗುಣಿಸಿದರೆ 1,35,000. 30 ದಿನದೊಳಗೆ ಕೊಡಬೇಕು. ಅವನ ಸ್ವಂತ ಮುಂಗಡವನ್ನು ಇದರಲ್ಲಿ ಮುರಿಯಬೇಡಿ. ಸಂಬಳದ ಲೆಕ್ಕದಲ್ಲಿ ಬೇರೆಯಾಗಿ ಇತ್ಯರ್ಥ ಮಾಡಿ. ನಾನು ಚೆಕ್ ಬರೆಸಿಟ್ಟು, ಅದರ ನಂಬರನ್ನೂ ಬಿಡುಗಡೆಯ ದಿನಾಂಕವನ್ನೂ ಒಪ್ಪಿಗೆ ಪತ್ರದಲ್ಲೇ ಹಾಕಿಸುತ್ತೇನೆ.

ಹೀಗೆ ಬಿಟ್ಟವರಲ್ಲಿ ಹೆಚ್ಚಿನವರು ಆಮೇಲೂ ಫೋನ್ ಎತ್ತುತ್ತಾರೆ. ಅವರ ಹಳೇ ನಂಬರನ್ನು ಗೋಡೆಯ ಪಟ್ಟಿಯಿಂದ ಒಂದೆರಡು ತಿಂಗಳು ಅಳಿಸಬೇಡಿ. ಗ್ಯಾಸಿನವನು, ಹಾಲಿನವನು ಅಲ್ಲಿಯತನಕ ಅದಕ್ಕೇ ಕರೆ ಮಾಡುತ್ತಿರುತ್ತಾರೆ.