ಹಳೇ ಅಕ್ವೇರಿಯಂ ತರುವ ಮುಂಚೆ ನಾನು ಏನೇನು ನೋಡುತ್ತೇನೆ

ಬಾಡಿಗೆ ಮನೆ ಖಾಲಿ ಮಾಡುವವರು ಅಕ್ವೇರಿಯಂ ಅನ್ನು ತುಂಬಾ ಕಮ್ಮಿ ಬೆಲೆಗೆ ಕೊಟ್ಟುಬಿಡುತ್ತಾರೆ. ಬೆಂಗಳೂರಿನಲ್ಲಿ ನಾನು ತಂದಿರುವ ಟ್ಯಾಂಕ್‌ಗಳೆಲ್ಲ ಹಾಗೆ ಬಂದವೇ. ಆದರೆ ಬೆಲೆ ನೋಡಿ ಖುಷಿಪಡುವ ಮುಂಚೆ ತೂಕ ನೆನಪಿರಲಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತುಂಬಿದರೆ ಸುಮಾರು 190 ಲೀಟರ್, ಅಂದರೆ ನೀರೇ 190 ಕೆಜಿ. ಅಷ್ಟು ನೀರು ರಾತ್ರಿ ಹೊತ್ತು ಹಾಲ್‌ಗೆ ನುಗ್ಗಿದರೆ ಕೆಳಗಿನ ಮನೆಯವರಿಗೂ ಕಷ್ಟ, ಮೀನುಗಳಂತೂ ಉಳಿಯುವುದಿಲ್ಲ.

ನಾನು ಮೊದಲು ನೋಡುವುದು ಗಾಜುಗಳನ್ನು ಅಂಟಿಸಿರುವ ಸಿಲಿಕಾನ್. ತುಂಬಾ ಜನ ಒಳಗಡೆ ಮೂಲೆಯಲ್ಲಿ ಕಾಣುವ ಗೆರೆಯನ್ನಷ್ಟೇ ನೋಡಿ ಸುಮ್ನಾಗುತ್ತಾರೆ. ಆ ಗೆರೆ ಒಂದು ಕಾವಲು ಅಷ್ಟೆ. ಟ್ಯಾಂಕನ್ನು ನಿಜವಾಗಿ ಹಿಡಿದಿಟ್ಟಿರುವುದು ಎರಡು ಗಾಜುಗಳ ನಡುವೆ ಇರುವ ತೆಳುವಾದ ಪದರ. ಹಾಗಾಗಿ ಮೊಬೈಲ್ ಟಾರ್ಚ್ ಹಾಕಿ ಹೊರಗಡೆಯಿಂದ ಓರೆಯಾಗಿ ಪ್ರತಿ ಜೋಡಣೆಯನ್ನೂ ಮೇಲಿಂದ ಕೆಳಗೆ ನೋಡುತ್ತೇನೆ. ಬಣ್ಣ ಒಂದೇ ಸಮ ಇದ್ದರೆ ಸರಿ. ನಡುನಡುವೆ ಹಾಲಿನ ಬಣ್ಣದ ತೇಪೆ ಕಂಡರೆ, ಅಥವಾ ಹಸಿರು ಪಾಚಿ ಆ ಸಂದಿಯೊಳಗೆ ಹೊಕ್ಕಿದ್ದರೆ, ಅಲ್ಲಿ ಗಾಜು ಬಿಟ್ಟುಕೊಂಡಿದೆ ಅಂತಲೇ ಅರ್ಥ. ಅಂಥದ್ದನ್ನು ಫ್ರೀ ಕೊಟ್ಟರೂ ಮೀನಿಗೆ ಬಳಸುವುದಿಲ್ಲ.

ಸಂದಿ ಗಟ್ಟಿಯಿದ್ದು ಒಳಗಿನ ಗೆರೆ ಮಾತ್ರ ಉಗುರು ತಾಗಿಸಿದರೆ ಏಳುತ್ತಿದ್ದರೆ ಯೋಚನೆ ಬೇಡ, ಮನೆಯಲ್ಲೇ ಸರಿಮಾಡಬಹುದು. ಆದರೆ ಎದ್ದ ಕಡೆಗಷ್ಟೇ ತೇಪೆ ಹಾಕಬೇಡಿ, ಹಳೇ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಗಾಜಿನ ಸಂದಿಗೆ ಬ್ಲೇಡ್ ಹೋಗದ ಹಾಗೆ ಒಳಗಿನ ಗೆರೆ ಪೂರ್ತಿ ಕೆರೆದು, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಹೊಸ ಸಿಲಿಕಾನ್ ಗೆರೆ ಎಳೆಯಿರಿ. ಬಾತ್‌ರೂಮಿಗೆ ಬರುವ, ಬೂಷ್ಟು ತಡೆಯುವ ಸಿಲಿಕಾನ್ ಬೇಡವೇ ಬೇಡ, ಅದರಲ್ಲಿರುವ ಔಷಧ ಮೀನಿಗೆ ವಿಷ. ಹೊಸ ಸಿಲಿಕಾನ್‌ನ ವಿನಿಗರ್ ವಾಸನೆ ಪೂರ್ತಿ ಹೋಗುವ ತನಕ, ನಾನಂತೂ ಒಂದು ವಾರ, ನೀರು ಹಾಕುವುದಿಲ್ಲ.

ಗಾಜಿನ ಮೇಲಿನ ಸಣ್ಣ ಗೀರು ನೋಡೋಕೆ ಚೆನ್ನಾಗಿರಲ್ಲ ಅಷ್ಟೆ. ಬಿರುಕು ಬೇರೆ, ಅದು ಎಷ್ಟು ಚಿಕ್ಕದಿದ್ದರೂ ನನಗೆ ಬೇಡ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಅದು ಸಿಲಿಕಾನ್ ಸಂದಿಯ ತನಕ ಹೋಗಿದೆಯಾ ನೋಡಬೇಕು. ತಳದ ಗಾಜನ್ನು ತಪ್ಪದೇ ಕೆಳಗಿನಿಂದಲೂ ನೋಡಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಹೆದರಬೇಡಿ, ವಿನಿಗರ್ ಹಾಕಿ ಉಜ್ಜಿದರೆ ಹೋಗುತ್ತದೆ. ತರುವಾಗ ಮರಳು, ಕಲ್ಲು, ನೀರು ಎಲ್ಲ ತೆಗೆದು ಖಾಲಿ ಟ್ಯಾಂಕನ್ನೇ ಎತ್ತಬೇಕು. ಒಳಗೆ ಭಾರ ಇಟ್ಟುಕೊಂಡು ಎತ್ತಿದರೆ ಗಟ್ಟಿ ಸಂದಿಯೂ ಬಿಡಬಹುದು.

ಇಷ್ಟೆಲ್ಲ ನೋಡಿದ ಮೇಲೂ ನೀರು ತುಂಬಿಸದೆ ನಾನು ನಂಬುವುದಿಲ್ಲ. ಮನೆಯೊಳಗಲ್ಲ, ಕಾಂಪೌಂಡಿನಲ್ಲಿ. ರಸಮಟ್ಟ ಇಟ್ಟು ನೋಡಿದ ಸಮ ನೆಲದ ಮೇಲೆ ನ್ಯೂಸ್‌ಪೇಪರ್, ಅದರ ಮೇಲೆ ಥರ್ಮಾಕೋಲ್, ಅದರ ಮೇಲೆ ಟ್ಯಾಂಕ್. ಮೊದಲ ದಿನ ಮೂರನೇ ಒಂದು ಭಾಗ, ಮಾರನೇ ದಿನ ಅರ್ಧ, ಆಮೇಲೆ ಪೂರ್ತಿ. ಪ್ರತಿ ಸಲ ಟಿಶ್ಯೂ ಪೇಪರನ್ನು ಕೆಳಗಿನ ಸಂದಿಗುಂಟ ಎಳೆಯುತ್ತೇನೆ, ಕಣ್ಣಿಗೆ ಕಾಣದ ಪಸೆಯೂ ಅದರಲ್ಲಿ ಗೊತ್ತಾಗುತ್ತದೆ. ತುಂಬಿದ ಮೇಲೆ ಮುಂದಿನ ಗಾಜಿಗೆ ಉದ್ದದ ಸ್ಕೇಲ್ ಹಿಡಿದು ಮಧ್ಯೆ ಎಷ್ಟು ಉಬ್ಬಿದೆ ನೋಡಿ, ದಿನದಿಂದ ದಿನಕ್ಕೆ ಉಬ್ಬು ಜಾಸ್ತಿಯಾಗುತ್ತಿದ್ದರೆ ತಕ್ಷಣ ಖಾಲಿ ಮಾಡಿ. ಒಂದು ವಾರ ಹಾಗೇ ನಿಂತರೆ ಮಾತ್ರ ಒಳಗೆ ತರುತ್ತೇನೆ.

ಸಿಗಡಿ ಸಾಕುವ ಆಸೆ ಇದ್ದರೆ ಮಾರುವವರನ್ನು ಇನ್ನೊಂದು ಮಾತು ಕೇಳಿ: ಈ ಟ್ಯಾಂಕಿಗೆ ತಾಮ್ರ ಇರುವ ಔಷಧಿ ಹಾಕಿದ್ದೀರಾ ಅಂತ. ಹೌದು ಅಂದರೆ ಅದರಲ್ಲಿ ಮೀನು ಸಾಕಿ, ಹಳೇ ಮರಳನ್ನು ಮಾತ್ರ ಬಿಸಾಡಿ. ತಾಮ್ರ ಸಿಗಡಿಗೆ ಆಗಿಬರಲ್ಲ, ಅವಕ್ಕೆ ಬೇರೆ ಟ್ಯಾಂಕ್ ನೋಡಿ.