ಬೆಟ್ಟದ ಚಿತ್ರದಲ್ಲಿ ಮೊದಲು ಮನುಷ್ಯನನ್ನು ಹುಡುಕಿ

ಜಯನಗರದ ನಮ್ಮ ಮನೆಯಲ್ಲಿ ಭಾನುವಾರ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಯೂರೋಪ್, ಚೀನಾ ಚಿತ್ರಗಳನ್ನು ಹೋಲಿಸಲು ಅವರಿಗೆ ಹೇಳುವ ದಾರಿ ಇದು.

ಎರಡೇ ಚಿತ್ರ ಸಾಕು. ಒಂದು, ಜರ್ಮನಿಯ ಫ್ರೀಡ್ರಿಖ್ ಸುಮಾರು 1818ರಲ್ಲಿ ಬರೆದ ಮಂಜಿನ ಕಡಲಿನ ಮೇಲಿನ ಅಲೆಮಾರಿ. ಇನ್ನೊಂದು, ಸುಮಾರು ಕ್ರಿ.ಶ. 1000ದಲ್ಲಿ ಚೀನಾದ ಫಾನ್ ಕುವಾನ್ ರೇಷ್ಮೆಯ ಮೇಲೆ ಬರೆದ ಬೆಟ್ಟ ತೊರೆಗಳ ನಡುವಿನ ಪಯಣಿಗರು. ಇದು ಎರಡು ಮೀಟರಿಗಿಂತ ಎತ್ತರ, ಈಗ ತೈಪೆಯಲ್ಲಿದೆ. ಫೋನ್ ಬೇಡ, ದೊಡ್ಡ ಪರದೆಯಲ್ಲಿ ನೋಡಿ.

ಫ್ರೀಡ್ರಿಖ್‌ನಲ್ಲಿ ಹುಡುಕೋದೇ ಬೇಡ. ಕೋಟು ತೊಟ್ಟ, ಕೋಲು ಹಿಡಿದ ಆಸಾಮಿ ನಮಗೆ ಬೆನ್ನು ಹಾಕಿ ನಟ್ಟ ನಡುವೆ ನಿಂತಿದ್ದಾನೆ. ಫಾನ್ ಕುವಾನ್‌ನಲ್ಲಿ ಕೆಳಗೆ ಬಲಗಡೆ ಝೂಮ್ ಮಾಡಿ. ಸರಕು ಹೊತ್ತ ಹೇಸರಗತ್ತೆಗಳ ಸಾಲು, ಜೊತೆಗೆ ಇಬ್ಬರು. ಅಲ್ಲೇ ಹತ್ತಿರ ಎಲೆಗಳ ಮರೆಯಲ್ಲಿ ಕಲಾವಿದನ ಸಹಿಯೂ ಇದೆ. ಅದು ಯಾರದಾದರೂ ಕಣ್ಣಿಗೆ ಬಿದ್ದದ್ದು 1958ರಲ್ಲಿ!

ಈಗ ಹೆಬ್ಬೆರಳಿನಿಂದ ಮನುಷ್ಯರನ್ನು ಮುಚ್ಚಿ. ಅಲೆಮಾರಿ ಹೋದರೆ ಜರ್ಮನ್ ಚಿತ್ರ ಬಿಕೋ ಅನ್ನುತ್ತದೆ. ಹೇಸರಗತ್ತೆಗಳು ಹೋದರೆ ಚೀನಾದ ಬೆಟ್ಟಕ್ಕೆ ಏನೂ ಆಗುವುದಿಲ್ಲ. ಆದರೆ ಅದು ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ, ಅಲ್ವಾ? ನನಗೆ ಇದೇ ಜಾಸ್ತಿ ಇಷ್ಟ.

ಆಮೇಲೆ ನೀವೆಲ್ಲಿ ನಿಂತಿದ್ದೀರಿ ನೋಡಿ. ಒಂದರಲ್ಲಿ ಅವನ ಬೆನ್ನ ಹಿಂದೆ. ಇನ್ನೊಂದರಲ್ಲಿ ಕಣ್ಣು ದಾರಿಯಿಂದ ಮಂಜಿಗೆ, ಮಂಜಿನಿಂದ ಶಿಖರಕ್ಕೆ ಹತ್ತುತ್ತದೆ.

ಯೂರೋಪಿನವರೆಲ್ಲ ಹೀಗೇ ಅಂತ ಸುಮ್ನೆ ಷರಾ ಬರೆಯಬೇಡಿ. ಯೂರೋಪಿನವನೇ ಆದ ಬ್ರೂಗೆಲ್ 1565ರಲ್ಲಿ ಬರೆದ ‘ಹಿಮದಲ್ಲಿ ಬೇಟೆಗಾರರು’ ಚಿತ್ರವನ್ನೂ ನೋಡಿ, ಆಮೇಲೆ ಬೆಂಗಳೂರಿನ ಚಿತ್ರಸಂತೆಗೆ ಹೋದಾಗ ಕುಮಾರಕೃಪಾ ರಸ್ತೆಯ ಬೆಟ್ಟದ ಚಿತ್ರಗಳ ಮೇಲೂ ಹೆಬ್ಬೆರಳು ಹಿಡಿಯಿರಿ. ಮುಟ್ಟಬೇಡಿ, ಅಷ್ಟೇ.